ನಮ್ ಮಿಸ್ಸು ಹಂಗೆ ಮಾಡಲ್ಲ

ಸೋಮವಾರ ಬೆಳಿಗ್ಗೆ ಹೆಡ್ ಮಾಸ್ಟ್ರು ಶಾಲೆಯ ಗೇಟಿನಲ್ಲೇ ನಿಂತಿದ್ದರು. ಅವರು ಗೇಟಿನಲ್ಲಿ ನಿಂತಿದ್ದರೆ ಎರಡೇ ಅರ್ಥ. ಒಂದೋ ನಾನು ತಡವಾಗಿ ಬಂದಿದ್ದೀನಿ, ಇಲ್ಲಾ ಇನ್ಯಾರೋ ಬಂದೇ ಇಲ್ಲ. ಗಡಿಯಾರ ನೋಡಿಕೊಂಡೆ. ಒಂಬತ್ತೂವರೆ. ಹಾಗಾದರೆ ಎರಡನೆಯದು.

"ಮೇಡಂ, ಇವತ್ತೊಂದಿನ ನಲಿಕಲಿ ನೋಡ್ಕೊಂಬಿಡಿ. ಆ ಮೇಡಂಗೆ ಟ್ರೇನಿಂಗು. ನೀವು ಸುಮ್ನೆ ಕೂತಿದ್ರೆ ಸಾಕು, ಮಕ್ಕಳು ಅವರ ಪಾಡಿಗೆ ಅವರು ಕಲೀತಾ ಇರ್ತಾರೆ."

"ಸುಮ್ನೆ ಕೂತಿದ್ರೆ ಸಾಕು" ಅನ್ನುವ ಮಾತನ್ನು ಹಿಂದೆ ಒಂದೇ ಒಂದು ಸಲ ಕೇಳಿದ್ದೆ. ದವಡೆ ಹಲ್ಲು ಕೀಳಿಸಿಕೊಂಡ ದಿನ.

ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. 6 ಮತ್ತು 7ನೇ ಕ್ಲಾಸಿಗೆ ಗಣಿತ, ವಿಜ್ಞಾನ. ಅತಿಥಿ ಅಂದ ತಕ್ಷಣ ಮಣೆ ಹಾಕಿ ಕೂರಿಸುತ್ತಾರೆ ಅಂದುಕೊಳ್ಳಬೇಡಿ. ಮದುವೆ ಮನೆಯಲ್ಲಿ ತೀರಾ ಹತ್ತಿರದ ನೆಂಟರಿಗೆ ಆಗುತ್ತಲ್ಲ, ನಮ್ಮದೂ ಅದೇ ಪಾಡು. ಬಡಿಸೋಕೆ ಮೊದಲ ಪಂಕ್ತಿ, ಊಟಕ್ಕೆ ಕೊನೇ ಪಂಕ್ತಿ. ಯಾರು ರಜೆ ಹಾಕಿದರೂ ಆ ಕ್ಲಾಸಿಗೆ ನಾವೇ. ತಿಂಗಳಿಗೆ 12 ಸಾವಿರ. ಅದೂ ಸಂಬಳ ಅಲ್ಲ, ಗೌರವಧನ. ಗೌರವಕ್ಕೇನೂ ಕೊರತೆ ಇಲ್ಲ. ಧನದ ವಿಷಯ ಇನ್ನೊಂದು ದಿನ ಮಾತಾಡೋಣ.

ನಲಿಕಲಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. 1, 2, 3ನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಒಟ್ಟಿಗೆ ಕೂತು ಕಲಿಯುವ ಪದ್ಧತಿ ಇದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೆಂಚು ಇಲ್ಲ, ಮೇಜು ಇಲ್ಲ. ನೆಲದ ಮೇಲೆ ಗುಂಡಗೆ ಕೂರುವ ಐದು ಗುಂಪು. ಆ ಗುಂಪಿಗೆ ‘ತಟ್ಟೆ’ ಅಂತ ಹೆಸರು. ಟೀಚರ್ ಪೂರ್ತಿ ಸಹಾಯ ಮಾಡಬೇಕಾದ ತಟ್ಟೆಯಿಂದ ಹಿಡಿದು, ತನ್ನಷ್ಟಕ್ಕೆ ತಾನೇ ಕಲಿಯುವ ಸ್ವಕಲಿಕೆಯ ತಟ್ಟೆಯವರೆಗೆ. ಗೋಡೆಯ ಮೇಲೆ ಒಂದು ಏಣಿ. ಪಾಠಗಳೇ ಅದರ ಮೆಟ್ಟಿಲು. ಪ್ರತಿ ಮಗುವೂ ತಾನು ಯಾವ ಮೆಟ್ಟಿಲಲ್ಲಿದೆ ಅಂತ ನೋಡಿಕೊಂಡು, ಅದಕ್ಕೆ ಹೊಂದುವ ಕಾರ್ಡು ಎತ್ತಿಕೊಂಡು, ಅದರ ತಟ್ಟೆಗೆ ಹೋಗಿ ಕೂರುತ್ತೆ. ತಲೆಯ ಮೇಲೆ ದಾರ ಕಟ್ಟಿದ ‘ಚಪ್ಪರ’. ಅದರಲ್ಲಿ ಮಕ್ಕಳು ಮಾಡಿದ ಕಾಗದದ ಹಕ್ಕಿ, ಮೀನು, ಇನ್ನೂ ಏನೇನೋ ನೇತಾಡುತ್ತಿರುತ್ತವೆ. ಉದ್ದ ಇರುವವರು ತಲೆ ಬಗ್ಗಿಸಿ ನಡೆಯಬೇಕು. ನಾನು ಉದ್ದ ಇದ್ದೀನಿ. ಬಾಗಿಲು ದಾಟುತ್ತಿದ್ದಂತೆ ಒಂದು ಮೀನು ನನ್ನ ಜಡೆಗೆ ಸಿಕ್ಕಿಹಾಕಿಕೊಂಡಿತು.

"ಮಿಸ್, ಮೀನು ಕಿತ್ತಾಕ್ಬುಟ್ರಿ" ಅಂತ ಒಬ್ಬಳು. ನಮಸ್ತೆ ಹೇಳುವುದಕ್ಕೂ ಮೊದಲು.

ಎರಡು ಜಡೆ, ಮೂರನೇ ಕ್ಲಾಸು. ಇಡೀ ದಿನ ಆ ಕೋಣೆಯನ್ನು ನಡೆಸಿದ್ದು ಇವಳೇ. ನಾನಿದ್ದದ್ದು ಲೆಕ್ಕಕ್ಕೆ. ಒಟ್ಟು 31 ಮಕ್ಕಳು ನನ್ನನ್ನು ಸುತ್ತಿಕೊಂಡು ನಿಂತರು. ಹೊಸ ಸೊಸೆಯನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದರು.

"ನಮ್ ಮಿಸ್ಸು ಮೊದ್ಲು ಹಾಡು ಹೇಳಿಸ್ತಾರೆ. ಅಭಿನಯ ಗೀತೆ."

ಹಾಡು! ನಾನು ಭಿನ್ನರಾಶಿ ಹೇಳಿಕೊಡುವವಳು. ಹಾಡಿಗೂ ನನಗೂ ಎಣ್ಣೆ ಸೀಗೆಕಾಯಿ. ಒಂದೆರಡು ಶಿಶುಗೀತೆ ನೆನಪಿಗೆ ಬಂದರೂ ಎರಡನೇ ಸಾಲಿಗೆ ಕೈ ಕೊಟ್ಟವು. 31 ಜೊತೆ ಕಣ್ಣು ನೋಡುತ್ತಿವೆ. ಮೊದಲಿಂದ ಕೊನೇವರೆಗೆ ತಪ್ಪಿಲ್ಲದೆ ನನಗೆ ಬರುವುದು ದಿನಾ ಪ್ರಾರ್ಥನೆಯಲ್ಲಿ ಹೇಳುವ ನಾಡಗೀತೆ ಒಂದೇ. ಗಾಬರಿಯಲ್ಲಿ ಬಾಯಿಗೆ ಬಂದದ್ದೂ ಅದೇ.

ಮೊದಲ ಸಾಲು ಮುಗಿಯುವುದರಲ್ಲಿ ಎಲ್ಲಾ ಮಕ್ಕಳೂ ದಢಕ್ಕನೆ ನೆಟ್ಟಗೆ ನಿಂತರು. ಕೈ ಪಕ್ಕಕ್ಕೆ, ಗದ್ದ ಮೇಲಕ್ಕೆ. ಮಧ್ಯದಲ್ಲಿ ನಿಲ್ಲಿಸುವ ಹಾಗಿಲ್ಲ, ಮರ್ಯಾದೆ ಪ್ರಶ್ನೆ. ಪೂರ್ತಿ ಹಾಡಬೇಕು. ಪಕ್ಕದ 4ನೇ ಕ್ಲಾಸಿನಲ್ಲೂ ಬೆಂಚು ಸರಿದ ಸದ್ದು ಕೇಳಿಸಿತು. ಅಲ್ಲಿಯೂ ಎದ್ದು ನಿಂತರು. ವರಾಂಡದಲ್ಲಿ ಹಾಲಿನ ಪಾತ್ರೆ ಹೊತ್ತು ಬರುತ್ತಿದ್ದ ಅಡುಗೆ ಅಕ್ಕ ಪಾತ್ರೆ ಸಮೇತ ನಿಂತುಬಿಟ್ಟರು. 2022ರಲ್ಲಿ ಸರ್ಕಾರ ನಾಡಗೀತೆಗೆ 2 ನಿಮಿಷ 30 ಸೆಕೆಂಡು ಅಂತ ಸಮಯ ಗೊತ್ತು ಮಾಡಿದೆ. ನಾನು ಅವತ್ತು ಸ್ವಲ್ಪ ಬೇಗ ಮುಗಿಸಿದೆ. ಬಿಸಿ ಪಾತ್ರೆ ನೋಡಿ.

"ಇವಾಗ್ತಾನೆ ಪ್ರೇಯರ್‌ನಲ್ಲಿ ಹೇಳಿದ್ವಲ್ಲ ಮಿಸ್" ಅಂದಳು ಎರಡು ಜಡೆ. "ಇದಕ್ಕೆ ಅಭಿನಯ ಇಲ್ಲ."

ಹಾಲು ಕುಡಿದು ಎಲ್ಲರಿಗೂ ಬಿಳಿ ಮೀಸೆ ಬಂದ ಮೇಲೆ ಪಾಠ. ಇದಾದರೂ ನನ್ನ ಕೈಯಲ್ಲಿದೆ ಅಂದುಕೊಂಡೆ. ನಲಿಕಲಿ ಕೋಣೆಯಲ್ಲಿ ಕಪ್ಪು ಹಲಗೆ ಮಕ್ಕಳ ಎತ್ತರಕ್ಕೆ ಗೋಡೆಯ ಬುಡದಲ್ಲಿರುತ್ತೆ. ಕುಕ್ಕರುಗಾಲಲ್ಲಿ ಕೂತು, ಸೀರೆ ಸರಿ ಮಾಡಿಕೊಂಡು, ದುಂಡಗೆ ‘ಅ’ ಬರೆದೆ. "ಹೇಳಿ, ಅ."

ಯಾರೂ ಹೇಳಲಿಲ್ಲ.

"ಮಿಸ್, ಅ ಐದನೇದು."

"ಏನು ಐದನೇದು?"

"ಮೊದ್ಲು ರ. ಆಮೇಲೆ ಗ, ಸ, ದ. ಆಮೇಲೆ ಅ. ಆಮೇಲೆ ಜ, ವ, ಮ, ಬ, ನ." ಒಂದೇ ಉಸಿರಿಗೆ ಹೇಳಿದಳು. ಮೂವತ್ತೈದು ವರ್ಷದಿಂದ ಅ ಆ ಇ ಈ ಅಂತ ನಂಬಿಕೊಂಡು ಬಂದವಳು ನಾನು. ನನ್ನ ಕಾಲ ಕೆಳಗಿನ ನೆಲ ಅಲ್ಲಾಡಿದ ಹಾಗಾಯಿತು. ಕುಕ್ಕರುಗಾಲಲ್ಲಿ ಕೂತಿದ್ದಕ್ಕೂ ಇರಬಹುದು.

ಆಮೇಲೆ ಯೋಚನೆ ಮಾಡಿದರೆ ಅವಳ ಸಾಲೇ ಸರಿ. ರ ಗ ಸ ದ ಅ, ಐದು ಅಕ್ಷರ ಬಂದರೆ ಮಗು ಅರಸ ಓದುತ್ತೆ, ಅಗಸ ಓದುತ್ತೆ, ಸರ, ದರ, ಗರಗಸ ಎಲ್ಲಾ ಓದುತ್ತೆ. ನಮ್ಮ ಅ ಆ ಇ ಈ ಉ ಐದನ್ನೂ ಕೂಡಿಸಿದರೆ ಏನು ಬರುತ್ತೆ? ಹೊಟ್ಟೆನೋವು ಬಂದವರ ನರಳಾಟ ಬರುತ್ತೆ ಅಷ್ಟೆ. ಆದರೆ ಇದೆಲ್ಲ ಹೊಳೆದದ್ದು ಮನೆಗೆ ಹೋದ ಮೇಲೆ. ಅಲ್ಲಿ, ಆ ಗಳಿಗೆಯಲ್ಲಿ, ಬರೆದ ‘ಅ’ವನ್ನು ಅಂಗೈಯಿಂದ ಒರೆಸಿ ‘ರ’ ಬರೆದೆ. "ನಮ್ ಮಿಸ್ಸು ಡಸ್ಟರಲ್ಲಿ ಒರೆಸ್ತಾರೆ" ಅಂತ ಮೂಲೆಯಿಂದ ಇನ್ನೊಂದು ದನಿ.

ಈ "ನಮ್ ಮಿಸ್ಸು" ಇದಾರಲ್ಲ, ನಿವೃತ್ತಿಗೆ ಹತ್ತಿರ ಇರುವ, ಮೆಲ್ಲಗೆ ಮಾತಾಡುವ ಹೆಂಗಸು. ದಿನಾ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದಲ್ಲೇ ಕೂತು ಚಿತ್ರಾನ್ನ ತಿನ್ನುತ್ತಾರೆ. ಅವರು ಇಂಥ ದೊಡ್ಡ ಮನುಷ್ಯರು ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ ಮಿಸ್ಸು ಕಿಟಕಿ ಮೊದ್ಲು ತೆಗೀತಾರೆ. ನಮ್ ಮಿಸ್ಸು ಹಿಂಗೆ ಕಿರುಚಲ್ಲ. ನಮ್ ಮಿಸ್ಸು ಸ್ಟಾರ್ ಹಾಕಿದ್ರೆ ಐದು ಮೂಲೆ ಇರ್ತದೆ, ನಿಮ್ದು ಆರು ಮೂಲೆ. ಅತ್ತೆ ಹೋದ ಮೇಲೂ ಅತ್ತೆಯ ಅಡುಗೆಯನ್ನೇ ಹೊಗಳುವ ಗಂಡ ಸಿಕ್ಕ ಸೊಸೆಗೆ ಮಾತ್ರ ನನ್ನ ಕಷ್ಟ ಅರ್ಥ ಆದೀತು.

ಇನ್ನು "ಮಿಸ್, ಒಂದಕ್ಕೆ". ಇದರ ಬಗ್ಗೆ ಜಾಸ್ತಿ ಬರೆಯಲ್ಲ. ಒಬ್ಬನಿಗೆ ಕಿರುಬೆರಳು ನೋಡಿ ಹ್ಞೂಂ ಅಂದೆ, ಒಂಬತ್ತು ಜನ ಹೋದರು. ವಾಪಸ್ ಬಂದವರು ಹತ್ತು ಜನ. ಹತ್ತನೆಯವನು 4ನೇ ಕ್ಲಾಸಿನವನು. ಅವನ ತಮ್ಮ ಇಲ್ಲಿದ್ದ, ಮಾತಾಡಿಸಿಕೊಂಡು ಹೋಗೋಣ ಅಂತ ಬಂದನಂತೆ.

ಹನ್ನೊಂದೂವರೆ ಹೊತ್ತಿಗೆ ಒಂದನೇ ಕ್ಲಾಸಿನ ಒಂದು ಹುಡುಗಿ ನನ್ನ ಹತ್ತಿರ ಬಂದು ಅಂಗೈ ಬಿಚ್ಚಿದಳು. ಒಂದು ಹಾಲುಹಲ್ಲು. ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ, ಬುಡದಲ್ಲಿ ಒಂದು ಚುಕ್ಕೆ ರಕ್ತ. ಅವಳ ಮುಖದಲ್ಲಿ ಅಳು ಇಲ್ಲ, ಬ್ಯಾಂಕಿನಲ್ಲಿ ಒಡವೆ ಇಡಲು ಬಂದವರ ಗಾಂಭೀರ್ಯ.

"ಜೋಪಾನ ಮಿಸ್. ಸಂಜೆ ಕೊಡಿ. ನಮ್ಮಜ್ಜಿ ಸಗಣಿಲಿ ಇಟ್ಟು ಹೆಂಚಿನ ಮೇಲೆ ಎಸೀಬೇಕು. ಇಲ್ಲಾಂದ್ರೆ ಹೊಸಾದು ಬರಲ್ಲ."

ಹಲ್ಲನ್ನು ಒಂದು ಚೀಟಿಯಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟೆ. ಇಟ್ಟದ್ದು ನಿಮಗೂ ನೆನಪಿರಲಿ. ನನಗೆ ಇರಲಿಲ್ಲ.

ಆಮೇಲೆ ನನ್ನ ಸ್ವಂತ ವಿಷಯಕ್ಕೆ ಬಂದೆ. ಗಣಿತ. ಇಲ್ಲಿ ನನ್ನನ್ನು ಅಲ್ಲಾಡಿಸುವವರಿಲ್ಲ ಅನ್ನುವ ಧೈರ್ಯ. ತಿಪಟೂರು ಸೀಮೆ, ಸುತ್ತಲೂ ತೆಂಗಿನ ತೋಟ, ಮಕ್ಕಳ ಅನುಭವದಿಂದಲೇ ಲೆಕ್ಕ ಶುರು ಮಾಡಬೇಕು ಅಂತ ಬಿ.ಎಡ್.ನಲ್ಲಿ ಹೇಳಿಕೊಟ್ಟಿದ್ದರು.

"ನಿಮ್ಮಜ್ಜಿ ಹತ್ರ 8 ತೆಂಗಿನಕಾಯಿ ಇದೆ. ಅದರಲ್ಲಿ 3 ಮಾರಿದರು. ಎಷ್ಟು ಉಳೀತು?"

ಎರಡನೇ ಕ್ಲಾಸಿನ ಹುಡುಗ ತಲೆ ಕೆರೆದ. "ನಮ್ಮಜ್ಜಿ ಕಾಯಿ ಮಾರಲ್ಲ ಮಿಸ್. ಕೊಬ್ರಿ ಮಾಡಿ ಮಾರೋದು."

"ಸರಿಯಪ್ಪ. 8 ಕೊಬ್ರಿ."

"ಎಂಟು ಕೊಬ್ರಿ ಯಾರ್ ತಗತಾರೆ ಮಿಸ್? ಚೀಲದ ಲೆಕ್ಕ ಅದು."

"ಆಯ್ತು, ಮಾರೋದು ಬೇಡ. 8 ಕಾಯಿ ಅಟ್ಟದ ಮೇಲೆ ಇದೆ. 3 ಕೆಳಗೆ ಇಳಿಸಿದರು."

"ಯಾವಾಗ ಹಾಕಿದ್ದು?"

ಅವನ ಪ್ರಶ್ನೆಯಲ್ಲೂ ನ್ಯಾಯ ಇದೆ. ಈ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂರಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅದಕ್ಕೆ ಮೊದಲು ಇಳಿಸುವವರು ದಡ್ಡರು. ನಾನು ಅವನ ಕಣ್ಣಿಗೆ ದಡ್ಡಿಯಾಗಿ ಕಂಡೆ. ಪಕ್ಕದಲ್ಲಿದ್ದವನು ಇನ್ನೊಂದು ಸೇರಿಸಿದ. "ಉಳಿದಿದ್ರಲ್ಲೂ ಎಲ್ಡು ಕೆಟ್ಟಿರ್ತವೆ ಮಿಸ್. ಒಡೆದ ಮೇಲೆ ಗೊತ್ತಾಗೋದು."

ನನಗೆ ತಾಳ್ಮೆ ಕೆಟ್ಟಿತು. "8ರಲ್ಲಿ 3 ಕಳೆದರೆ ಎಷ್ಟೋ?"

"ಐದು." ಕಣ್ಣು ಮಿಟುಕಿಸುವುದರಲ್ಲಿ. "ಅದನ್ನ ಮೊದ್ಲೇ ಕೇಳ್ಬಾರ್ದಾ ಮಿಸ್?"

ಈಗ ಮೊಟ್ಟೆಯ ವಿಷಯ. ಬಿಸಿಯೂಟದ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು, ಮಕ್ಕಳಿಗೆ ಯಾವುದು ಬೇಕೋ ಅದು. ಬೆಳಿಗ್ಗೆ ಹಾಜರಿ ತೆಗೆಯುವಾಗಲೇ ಕೈ ಎತ್ತಿಸಿ, ಎಣಿಸಿ, ಅಡುಗೆ ಮನೆಗೆ ಲೆಕ್ಕ ಕಳಿಸಬೇಕು. ಶ್ರಾವಣ ಸೋಮವಾರ ಬೇರೆ. ಮೊಟ್ಟೆಗೆ 20 ಕೈ, ಬಾಳೆಹಣ್ಣಿಗೆ 11 ಕೈ. ಒಟ್ಟು 31. ತಾಳೆ ಆಯಿತು. ಬರೆದು ಕಳಿಸಿದೆ. ಇವತ್ತು ಸರಿಯಾಗಿ ನಡೆದ ಒಂದೇ ಕೆಲಸ ಇದು ಅಂತ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಮಧ್ಯಾಹ್ನ ಬೇಯಿಸಿದ ಮೊಟ್ಟೆ ಬುಟ್ಟಿಯಲ್ಲಿ ಬಂತು. ಬಿಸಿ ಬಿಸಿ, ಸಿಪ್ಪೆ ಸುಲಿದು, ಬೆಳ್ಳಗೆ ಮಿರಮಿರ ಮಿಂಚುತ್ತಾ. ಅದನ್ನು ನೋಡಿದ ಐದು ಜನ ಬಾಳೆಹಣ್ಣಿನವರು ಸದ್ದಿಲ್ಲದೆ ಮೊಟ್ಟೆ ಸಾಲಿಗೆ ಬಂದು ನಿಂತರು.

"ನೀನು ಬಾಳೆಹಣ್ಣಲ್ವೇನೋ? ಮನೇಲಿ ಶ್ರಾವಣ ಅಂದಿದ್ದೆ?"

"ಶ್ರಾವಣ ಮನೇಲಿ ಮಿಸ್. ಸ್ಕೂಲಲ್ಲಿ ಇಲ್ಲ."

ಇಂಥ ಮಾತಿಗೆ ದೊಡ್ಡ ದೊಡ್ಡ ಶಾಸ್ತ್ರ ಓದಿದವರೂ ಉತ್ತರ ಕೊಡಲಾರರು. ನಾನು ಲೆಕ್ಕದ ಮೇಡಂ, ಲೆಕ್ಕಕ್ಕೆ ಇಳಿದೆ. ಮೊಟ್ಟೆ 20, ಕೇಳುವವರು 25. ಬಾಳೆಹಣ್ಣು 11, ಕೇಳುವವರು 6. 15 ಜನಕ್ಕೆ ಇಡೀ ಮೊಟ್ಟೆ ಕೊಡುವುದು. ಉಳಿದ 5 ಮೊಟ್ಟೆ ಅರ್ಧ ಮಾಡಿ 10 ಜನಕ್ಕೆ. ಮಿಕ್ಕ 5 ಬಾಳೆಹಣ್ಣನ್ನೂ ಅರ್ಧ ಮಾಡಿ ಅದೇ 10 ಜನಕ್ಕೆ ಜೊತೆಗೆ ಕೊಡುವುದು. ಅರ್ಧ ಕಮ್ಮಿ ಆಯಿತು ಅನ್ನುವ ಬೇಜಾರೂ ಇಲ್ಲ, ಒಂದು ತುಣುಕು ಮಿಗುವುದೂ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಒಂದು ಲೆಕ್ಕ ನನ್ನ ಜೀವನದಲ್ಲಿ ಬಿಡಿಸಿಲ್ಲ. ಅಡುಗೆ ಅಕ್ಕ ದಾರ ತಂದುಕೊಟ್ಟರು. ಮೊಟ್ಟೆಗೆ ದಾರ ಸುತ್ತಿ ಎಳೆದರೆ ಸೊಗಸಾಗಿ ಎರಡು ಹೋಳು.

ಹಂಚಿ ಮುಗಿಸಿ ಅರ್ಧ ನಿಮಿಷ ಆಗಿರಬೇಕು.

"ಮಿಸ್, ಅವನ ತಟ್ಟೇಲಿ ಮೊಟ್ಟೆನೂ ಐತೆ, ಬಾಳೆಹಣ್ಣೂ ಐತೆ. ನಂಗೆ ಬರೀ ಮೊಟ್ಟೆ."

"ನಿನ್ನದು ಇಡೀ ಮೊಟ್ಟೆ ಕಣೋ. ಅವನದು ಅರ್ಧ."

"ಅವಂದು ಎರಡು ಐಟಂ. ನಂದು ಒಂದೇ."

ಭಿನ್ನರಾಶಿ ಇಲ್ಲಿಗೇ ಸತ್ತಿತು. ಅರ್ಧ ಅರ್ಧ ಸೇರಿದರೆ ಒಂದು ಅಂತ ನಾನು 6ನೇ ಕ್ಲಾಸಿಗೆ ಹೇಳಿಕೊಟ್ಟದ್ದು ಇಲ್ಲಿ ನಡೆಯಲಿಲ್ಲ. ಇಡೀ ಮೊಟ್ಟೆಯ ಹದಿನೈದೂ ಜನ ತಟ್ಟೆ ಎತ್ತಿಕೊಂಡು ನಿಂತರು. ಎಲ್ಲರಿಗೂ ಅರ್ಧರ್ಧ ಬೇಕು. ಅಷ್ಟು ಬಾಳೆಹಣ್ಣು ಎಲ್ಲಿಂದ ತರಲಿ? ಅಷ್ಟರಲ್ಲಿ ಅರ್ಧದವರಲ್ಲೇ ಗಲಾಟೆ. ಒಂದು ಹೋಳಿಗೆ ಹಳದಿ ಜಾಸ್ತಿ ಹೋಗಿದೆ. ಒಬ್ಬನಿಗೆ ಹಳದಿ ಬೇಡವೇ ಬೇಡ, ಇನ್ನೊಬ್ಬಳಿಗೆ ಹಳದಿ ಮಾತ್ರ ಬೇಕು. ನೋಡುನೋಡುತ್ತಿದ್ದಂತೆ ಒಂದು ಸಂತೆಯೇ ಕೂತಿತು. ಒಂದು ಹಳದಿಗೆ ಒಂದು ಬಿಳಿ, ಅರ್ಧ ಬಾಳೆಹಣ್ಣಿಗೆ ಒಂದು ಪೆನ್ಸಿಲ್ ರಬ್ಬರ್. ಬಾಳೆಹಣ್ಣಿನವರು ಆರು ಜನ ಮಾತ್ರ ಗೋಡೆಗೆ ಒರಗಿ, ಕಾಲು ಚಾಚಿ, ತಮ್ಮ ಪಾಡಿಗೆ ತಾವು ತಿನ್ನುತ್ತಾ ಕೂತಿದ್ದರು.

ಸರಿಯಾಗಿ ಆಗಲೇ ಹೆಡ್ ಮಾಸ್ಟ್ರು ಬಾಗಿಲಲ್ಲಿ ಇಣುಕಿದರು. ನನ್ನ ಒಂದು ಕೈಯಲ್ಲಿ ದಾರ, ಇನ್ನೊಂದು ಕೈಯಲ್ಲಿ ಅರ್ಧ ಮೊಟ್ಟೆ, ಕತ್ತಿನ ಹಿಂದೆ ಬೆಳಗಿನ ಕಾಗದದ ಮೀನು.

"ಎಲ್ಲಾ ಆರಾಮಾ ಮೇಡಂ?"

"ಹ್ಞೂಂ ಸರ್."

ರಿಜಿಸ್ಟರಿನಲ್ಲಿ ‘ಮೊಟ್ಟೆ 20, ಬಾಳೆಹಣ್ಣು 11’ ಅಂತ ಬರೆದು ಸಹಿ ಹಾಕಿದೆ. ಪುಸ್ತಕ ನೋಡಿದವರಿಗೆ ಅವತ್ತು ಏನೂ ನಡೆದೇ ಇಲ್ಲ.

ಮಧ್ಯಾಹ್ನದ ಮೇಲೆ ನಾನು ನಿಜವಾಗಿಯೂ ಸುಮ್ನೆ ಕೂತೆ. ಮಕ್ಕಳು ನಿಜವಾಗಿಯೂ ಅವರ ಪಾಡಿಗೆ ಅವರು ಏಣಿ ನೋಡಿ, ಕಾರ್ಡು ಎತ್ತಿಕೊಂಡು, ತಟ್ಟೆಗಳಲ್ಲಿ ಕೂತರು. ಎರಡು ಜಡೆ ಎಲ್ಲರ ಬೆನ್ನ ಹಿಂದೆ ಓಡಾಡುತ್ತಾ ತಿದ್ದುತ್ತಿದ್ದಳು. ಆಗ ಒಂದನೇ ಕ್ಲಾಸಿನ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಹೆಸರು ಬೇಡ. ಮುಂದೆ ದೊಡ್ಡ ಮನುಷ್ಯ ಆಗುವ ಲಕ್ಷಣ ಇದೆ. ಏಣಿಯ ತುದಿಯ ಹತ್ತಿರ ಒಂದು ಮೆಟ್ಟಿಲನ್ನು ತುದಿಗಾಲಲ್ಲಿ ನಿಂತು ತೋರಿಸಿದ.

"ಮಿಸ್, ನಾನು ಇಲ್ಲಿದೀನಿ."

"ಅಷ್ಟು ಮೇಲಾ? ಜಾಣ!"

"ಹ್ಞೂಂ ಮಿಸ್. ಆ ಕಾರ್ಡು ಕೊಡಿ. ನಾನು ಸ್ವಕಲಿಕೆ ತಟ್ಟೇಲಿ ಕೂತ್ಕತೀನಿ."

ಎರಡು ಜಡೆ ಆಗ ನೀರು ಕುಡಿಯಲು ಹೋಗಿದ್ದಳು. ಇಲ್ಲದಿದ್ದರೆ ಇದು ನಡೆಯುತ್ತಿರಲಿಲ್ಲ. ಕಾರ್ಡು ಕೊಟ್ಟೆ. ಬೆನ್ನು ತಟ್ಟಿದೆ. ಕೈ ಮೇಲೆ ಒಂದು ಸ್ಟಾರ್ ಹಾಕಿದೆ, ಆರು ಮೂಲೆಯದು. ಅಷ್ಟು ಸಾಲದು ಅಂತ ಗೋಡೆಯ ಪ್ರಗತಿ ನೋಟದಲ್ಲೂ ಅವನ ಹೆಸರಿನ ಮುಂದೆ ಅಲ್ಲಿಯವರೆಗೆ ಗುರುತು ಹಾಕಿಬಿಟ್ಟೆ. ಅವನು ಕಿಟಕಿ ಪಕ್ಕದ ತಟ್ಟೆಯಲ್ಲಿ ಕೂತು ಕಾರ್ಡನ್ನು ತಲೆಕೆಳಗಾಗಿ ಹಿಡಿದುಕೊಂಡು, ನಾಲ್ಕು ಗಂಟೆಯವರೆಗೂ ಹೊರಗೆ ಆಡುಗಳು ಹುಣಸೆ ಮರ ಹತ್ತುವುದನ್ನು ನೋಡಿದ. ಗಲಾಟೆ ಇಲ್ಲ, ತಂಟೆ ಇಲ್ಲ. ನಾನು ಖುಷಿಪಟ್ಟೆ.

ಸಂಜೆ ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರ್ ಬಂದು "ಮೇಡಂ, ಆಧಾರ್" ಅಂದರು. ನಮಗೀಗ ಟಿಕೆಟ್ ಪುಕ್ಕಟೆ, ಗುರುತಿನ ಚೀಟಿ ತೋರಿಸಬೇಕು. ಪರ್ಸ್ ಬಿಚ್ಚಿ ಆಧಾರ್ ಎಳೆದೆ. ಜೊತೆಗೆ ಒಂದು ಚೀಟಿ ಬಂತು. ಚೀಟಿ ಬಿಚ್ಚಿಕೊಂಡು ಹಲ್ಲು ಟಿಕೆಟ್ ಮಿಷನ್ ಮೇಲೆ ಟಣ್ ಅಂತ ಬಿತ್ತು.

ಕಂಡಕ್ಟರ್ ಹಲ್ಲು ನೋಡಿದರು. ನನ್ನ ಮುಖ ನೋಡಿದರು. ನನ್ನ ಬಾಯಿ ನೋಡಿದರು.

"ನಂದಲ್ಲ" ಅಂದೆ.

ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಪಕ್ಕದಲ್ಲಿ ನಿಂತಿದ್ದ ಅಜ್ಜಿ ಸ್ವಲ್ಪ ದೂರ ಸರಿದರು. "ನಾನು ಟೀಚರ್ರು" ಅಂತ ಹೇಳಿ ನೋಡಿದೆ. ಕಂಡಕ್ಟರ್ "ಈಗಲೂ ಹೊಡೀತಾರಾ ಮೇಡಂ?" ಅಂತ ಕೇಳಿ, ಟಿಕೆಟ್ ಹರಿದುಕೊಟ್ಟು ಮುಂದೆ ಹೋದರು.

ರಾತ್ರಿ ಹಲ್ಲನ್ನು ದೇವರ ಮನೆಯ ಕುಂಕುಮದ ಬಟ್ಟಲ ಪಕ್ಕ ಇಟ್ಟೆ, ಬೆಳಿಗ್ಗೆ ಮರೆಯಬಾರದು ಅಂತ. ನಮ್ಮ ಮನೆಯವರು ದೀಪ ಹಚ್ಚಲು ಹೋಗಿ ಅದನ್ನು ಅಕ್ಷತೆ ಕಾಳು ಅಂತ ಕೈಗೆ ತಗೊಂಡದ್ದು ಬೇರೆ ಕತೆ.

ಮಂಗಳವಾರ ಶಾಲೆಗೆ ಹೋದ ತಕ್ಷಣ ನಲಿಕಲಿ ಕೋಣೆಗೆ ಓಡಿದೆ. ಹಲ್ಲಿನ ಒಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಚೀಟಿ ಬಿಚ್ಚಿ, ತಿರುಗಿಸಿ ಮುರುಗಿಸಿ ನೋಡಿ, ತನ್ನದೇ ಅಂತ ಖಾತ್ರಿ ಮಾಡಿಕೊಂಡು ಒಳಗೆ ಹೋದಳು. "ಅಜ್ಜಿ ನಿಮ್ಮನ್ನ ಬೈತು ಮಿಸ್" ಅಂತ ಮಾತ್ರ ಹೇಳಿದಳು.

ಒಳಗೆ ಹಿರಿಯ ಮೇಡಂ ಪ್ರಗತಿ ನೋಟದ ಮುಂದೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನಿಂತಿದ್ದರು. ಚಪ್ಪರದಲ್ಲಿ ಮೀನು ಮತ್ತೆ ತನ್ನ ಜಾಗದಲ್ಲಿ ನೇತಾಡುತ್ತಿತ್ತು.

"ಒಂದು ಮಾತು ಕೇಳ್ತೀನಮ್ಮ, ಬೇಜಾರು ಮಾಡ್ಕೋಬೇಡ" ಅಂದರು ಮೆಲ್ಲಗೆ. "ನಾನು ಹೋಗುವಾಗ ಈ ಹುಡುಗ ‘ಗ’ ತಿದ್ದುತಾ ಇದ್ದ. ಒಂದೇ ದಿನದಲ್ಲಿ ಮೂರನೇ ಕ್ಲಾಸು ಮುಗಿಸೋಕೆ ಬಂದಿದಾನಲ್ಲ?"

ನಾನು ಹುಡುಗನ ಕಡೆ ನೋಡಿದೆ. ಅವನು ಕಿಟಕಿಯ ಕಡೆ ನೋಡಿದ.

ಕೆಳಗಿಳಿಸಲು ಅವರಿಗೆ ಅರ್ಧ ಗಂಟೆ ಹಿಡಿಯಿತಂತೆ. "ಆ ಮಿಸ್ಸೇ ಹತ್ತಿಸಿದ್ದು, ಸ್ಟಾರ್ ಕೂಡ ಹಾಕವ್ರೆ" ಅಂತ ಕೈ ತೋರಿಸಿದನಂತೆ. ರಾತ್ರಿ ಸ್ನಾನ ಮಾಡುವಾಗ ಆ ಕೈಯನ್ನು ನೀರಿಗೆ ತಾಕಿಸದೆ ಮೇಲೆ ಎತ್ತಿ ಹಿಡಿದಿದ್ದನಂತೆ. ಕೊನೆಗೆ ಟೀಚರ್ ಸಹಾಯದ ತಟ್ಟೆಗೆ, ಮೇಡಂ ಮೊಣಕಾಲಿನ ಪಕ್ಕಕ್ಕೆ ಬಂದು ಕೂತ. ಸ್ಲೇಟು ತಗೊಂಡ. ‘ಗ’ದ ಮೇಲೆ ಬಳಪ ಇಟ್ಟು, ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದ:

"ಮಿಸ್, ನಿಮಗೆ ಮತ್ತೆ ಯಾವಾಗ ಟ್ರೇನಿಂಗು?"